ಹಳೆಯ ಕಂಪ್ಯೂಟರ್ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಂಪ್ಯೂಟರ್ ಪ್ರೀತಿಸುವವರು ನಾಲ್ಕು ಜನ ಸೇರಿದರೆ ಮಾತು ಬೇಗ ಎರಡು ಪ್ರಶ್ನೆಗೆ ಬರುತ್ತದೆ. "ನಿಮ್ಮದು ಇನ್ನೂ ಆನ್ ಆಗುತ್ತಾ?" ಆಮೇಲೆ, "ಅವತ್ತು ಅದರಲ್ಲಿ ಏನು ಮಾಡ್ತಿದ್ರಿ?" ಹೊಸಬರು ನನ್ನನ್ನು ಕೇಳುವ ಉಳಿದ ಪ್ರಶ್ನೆಗಳೂ ಹೆಚ್ಚು ಕಡಿಮೆ ಇವುಗಳ ಸುತ್ತಲೇ ಇರುತ್ತವೆ. ಮತ್ತೆ ಮತ್ತೆ ಬರುವವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಷ್ಟು ಹಳೆಯದಾದರೆ ಅದು 'ವಿಂಟೇಜ್'?

ಇದಕ್ಕೆ ಯಾರೂ ಗೆರೆ ಎಳೆದಿಲ್ಲ. ಕೆಲವರಿಗೆ 1975ರ ಆಲ್ಟೇರ್ 8800ರಂಥದ್ದೇ ಆಗಬೇಕು. ಅದಕ್ಕೆ ಕೀಬೋರ್ಡ್ ಇರಲಿಲ್ಲ, ಪರದೆ ಇರಲಿಲ್ಲ. ಮುಂದಿನ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಿ ಪ್ರೋಗ್ರಾಂ ತುಂಬಬೇಕಿತ್ತು. ಮೂಲ ಕಿಟ್‌ನಲ್ಲಿ ಇದ್ದ ಮೆಮೊರಿ 256 ಬೈಟ್. ಇವತ್ತು ಕಂಪ್ಯೂಟರ್‌ನಲ್ಲಿ ಕನ್ನಡ ಬರೆದರೆ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಅಂದರೆ ಒಂದು ಉದ್ದನೆಯ ಕನ್ನಡ ವಾಕ್ಯಕ್ಕೇ ಆ ಮೆಮೊರಿ ಮುಗಿದುಹೋಗುತ್ತದೆ. ಇನ್ನು ಕೆಲವರಿಗೆ 1977ರ ಆಪಲ್ 2, ಟಿಆರ್‌ಎಸ್-80, ಕಮೋಡೋರ್ ಪೆಟ್‌ನಿಂದ ಕಥೆ ಶುರು. 1990ರ ದಶಕದಲ್ಲಿ ಬೆಳೆದವರಿಗೆ 486, ಪೆಂಟಿಯಂ ಪ್ರೊಸೆಸರ್‌ನ ಪಿಸಿಗಳು, 1996ರಲ್ಲಿ ಬಂದ ವೂಡೂ ಗ್ರಾಫಿಕ್ಸ್ ಕಾರ್ಡ್ ಇವೇ ಪ್ರಾಣ. ನನ್ನ ಲೆಕ್ಕ ಸರಳ. ಅದನ್ನು ನೋಡಿದ ತಕ್ಷಣ ಪಕ್ಕದಲ್ಲಿದ್ದವರಿಗೆ ಏನೋ ಹೇಳಬೇಕು ಅನ್ನಿಸಿದರೆ ಸಾಕು.

ಅಟ್ಟದ ಮೇಲೆ ಹಳೆಯ ಕಂಪ್ಯೂಟರ್ ಸಿಕ್ಕಿದೆ. ಪ್ಲಗ್ ಹಾಕಿ ನೋಡಲಾ?

ದಯವಿಟ್ಟು ಬೇಡ. ಇಷ್ಟು ವರ್ಷ ಕಾದಿದೆ, ಇನ್ನೊಂದು ವಾರ ಕಾಯಲಿ. ಅಟ್ಟದಲ್ಲಿ ಸಾಯದ ಎಷ್ಟೋ ಯಂತ್ರಗಳು ಕೆಳಗೆ ಇಳಿಸಿದ ಹತ್ತು ನಿಮಿಷದಲ್ಲಿ ಸಾಯುತ್ತವೆ.

ಮೊದಲು ಕವಚ ಬಿಚ್ಚಿ. ಧೂಳು, ಹುಳು, ತುಕ್ಕು, ಕಿಲುಬು, ಸಡಿಲವಾದ ಸ್ಕ್ರೂ ಇದೆಯಾ ನೋಡಿ. ಒಳಗೆ ಬಿದ್ದ ಒಂದು ಸ್ಕ್ರೂ ಸಾಕು, ಬೋರ್ಡ್ ಶಾರ್ಟ್ ಆಗುತ್ತದೆ. ಬಿಚ್ಚುವಾಗ ಪ್ರತಿ ಹಂತದಲ್ಲೂ ಒಂದು ಫೋಟೊ ತೆಗೆದುಕೊಳ್ಳಿ. ಯಾವ ವೈರ್ ಎಲ್ಲಿತ್ತು ಅನ್ನುವುದು ನೆನಪಿರುತ್ತದೆ ಅಂದುಕೊಳ್ಳುತ್ತೇವೆ, ಇರುವುದಿಲ್ಲ.

ಆಮೇಲೆ ಪವರ್ ಸಪ್ಲೈ. ಅದನ್ನು ಕಂಪ್ಯೂಟರ್‌ಗೆ ಜೋಡಿಸದೆ ಬೇರೆಯಾಗಿ ಪರೀಕ್ಷಿಸಬೇಕು. ಕಮೋಡೋರ್ 64ರ ಮೂಲ ಸಪ್ಲೈ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅದರೊಳಗೆ ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿರುವುದರಿಂದ ಬಿಸಿ ಸರಿಯಾಗಿ ಹೊರಗೆ ಹೋಗುವುದಿಲ್ಲ. ಕಾಲಾಂತರದಲ್ಲಿ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟು, 5 ವೋಲ್ಟ್ ಬರಬೇಕಾದ ಕಡೆ ಅದಕ್ಕಿಂತ ಜಾಸ್ತಿ ಬರುತ್ತದೆ. ಆಗ ಮೆಮೊರಿ ಚಿಪ್‌ಗಳು ಸುಟ್ಟುಹೋಗುತ್ತವೆ. ಮಲ್ಟಿಮೀಟರ್ ಇವತ್ತು 5 ತೋರಿಸಿತು ಅಂತ ನಾಳೆಯೂ ತೋರಿಸುತ್ತದೆ ಅನ್ನುವ ಹಾಗಿಲ್ಲ. ಹಾಗಾಗಿ ಆ ಸಪ್ಲೈಯನ್ನು ನೆನಪಿಗೆ ಇಟ್ಟುಕೊಳ್ಳಿ, ಬಳಸುವುದಕ್ಕೆ ಹೊಸದೊಂದು ತನ್ನಿ.

ಬಿಬಿಸಿ ಮೈಕ್ರೊ, ಆಪಲ್ 2 ಕಾಲದ ಹಲವು ಸಪ್ಲೈಗಳಲ್ಲಿ ಗೋಡೆಯ ಕರೆಂಟ್ ಬರುವ ಕಡೆ ರಿಫಾ ಎಂಬ ಹೆಸರಿನ ಹಳದಿ ಬಣ್ಣದ, ಪಾರದರ್ಶಕ ಮೈಯ ಕೆಪಾಸಿಟರ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಬಿಡಿಭಾಗ) ಇರುತ್ತದೆ. ವರ್ಷಗಳಾದ ಮೇಲೆ ಅದರ ಮೈ ತುಂಬಾ ಸಣ್ಣ ಬಿರುಕು ಬಿಡುತ್ತದೆ. ಒಳಗಿನ ಕಾಗದ ಗಾಳಿಯ ತೇವ ಹೀರಿಕೊಳ್ಳುತ್ತದೆ. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಪಟ್ ಅಂತ ಸದ್ದು, ಕೋಣೆ ತುಂಬಾ ದಟ್ಟ ಹೊಗೆ. ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಆ ವಾಸನೆ ದಿನಗಟ್ಟಲೆ ಹೋಗುವುದಿಲ್ಲ. ಬಿರುಕು ಕಂಡರೆ ಮೊದಲೇ ಬದಲಿಸಿ. ಪ್ಲಗ್ ಕಿತ್ತ ಮೇಲೂ ಸಪ್ಲೈಯೊಳಗೆ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಈ ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಹಳೆಯ ಪಿಸಿಗಳವರಿಗೆ ಇನ್ನೊಂದು ಮಾತು. ಮದರ್‌ಬೋರ್ಡ್‌ಗೆ ಪವರ್ ಕೊಡುವ ಎರಡು ಕನೆಕ್ಟರ್‌ಗಳು, ಪಿ8 ಮತ್ತು ಪಿ9, ಅಕ್ಕಪಕ್ಕ ಕೂರುತ್ತವೆ. ಅದಲು ಬದಲಾದರೂ ಸಲೀಸಾಗಿ ಒಳಗೆ ಹೋಗುತ್ತವೆ. ಬೋರ್ಡ್ ಮಾತ್ರ ಉಳಿಯುವುದಿಲ್ಲ. ಎರಡರ ಕಪ್ಪು ವೈರ್‌ಗಳೂ ನಡುವೆ, ಒಂದರ ಪಕ್ಕ ಒಂದು ಬರಬೇಕು. ನಾನು ಇವತ್ತಿಗೂ "ಕಪ್ಪಿಗೆ ಕಪ್ಪು" ಅಂತ ಬಾಯಲ್ಲಿ ಹೇಳಿಕೊಂಡೇ ಜೋಡಿಸುತ್ತೇನೆ.

ಬ್ಯಾಟರಿ ತೆಗೆಯಿರಿ ಅಂತ ಎಲ್ಲರೂ ಯಾಕೆ ಅಷ್ಟು ಒತ್ತಿ ಹೇಳುತ್ತಾರೆ?

ಯಾಕಂದರೆ ಹಳೆಯ ಬೋರ್ಡ್‌ಗಳ ದೊಡ್ಡ ಶತ್ರು ಅದೇ. ನೀವು ಏನೂ ಮಾಡದೆ ಸುಮ್ನೆ ಇಟ್ಟಿದ್ದರೂ ಅದು ತನ್ನ ಕೆಲಸ ಮಾಡುತ್ತಿರುತ್ತದೆ.

386, 486 ಪ್ರೊಸೆಸರ್ ಕಾಲದ ಪಿಸಿ ಬೋರ್ಡ್‌ಗಳಲ್ಲಿ, ಕಮೋಡೋರ್ ಕಂಪನಿಯ ಅಮಿಗಾ 2000ದಲ್ಲಿ, ಅಮಿಗಾ 500ರ ಮೆಮೊರಿ ವಿಸ್ತರಣೆಯಲ್ಲಿ ಪುಟ್ಟ ಪೀಪಾಯಿಯಂಥ 3.6 ವೋಲ್ಟ್ ಬ್ಯಾಟರಿ ಇರುತ್ತದೆ. ಗಡಿಯಾರ ನಡೆಸುವುದು ಅದರ ಕೆಲಸ. ಅದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ, ಒಳಗಿರುವುದು ಕ್ಷಾರ. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಹಸಿರು ಪದರದ ಕೆಳಗೆ ನುಸುಳಿ, ಚಿಪ್‌ಗಳ ಕಾಲುಗಳಿಗೆ ಹತ್ತಿ, ಸಾಕೆಟ್‌ಗಳ ಒಳಗೂ ಇಳಿಯುತ್ತದೆ. ನನ್ನ ಒಂದು ಬೋರ್ಡ್ ಎಂಟು ವರ್ಷ ಪೆಟ್ಟಿಗೆಯಲ್ಲಿತ್ತು. ಇಡುವಾಗ ಚೆನ್ನಾಗಿ ಓಡುತ್ತಿತ್ತು. ತೆಗೆದಾಗ ಕೀಬೋರ್ಡ್ ಕನೆಕ್ಟರ್ ಸುತ್ತ ಎಲ್ಲ ಹಸಿರು, ನೀಲಿ. ಅದನ್ನು ಉಳಿಸಲು ಆಗಲಿಲ್ಲ. ಅವತ್ತು ಎರಡು ನಿಮಿಷ ಕೊಟ್ಟು ಬ್ಯಾಟರಿ ಕತ್ತರಿಸಿದ್ದರೆ ಅದು ಇವತ್ತೂ ಇರುತ್ತಿತ್ತು.

ಸೋರಿರುವುದು ಕಂಡರೆ ಬ್ಯಾಟರಿ ತೆಗೆದು, ವಿನೆಗರ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಒರೆಸಿ. ಕ್ಷಾರ ಇದ್ದ ಕಡೆ ಚೊರ್ ಅಂತ ನೊರೆ ಬರಬಹುದು. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಕೈಗವಸು ಹಾಕಿಕೊಳ್ಳಿ.

ಹಳೆಯ ಮ್ಯಾಕಿಂಟಾಷ್‌ಗಳಲ್ಲಿ ಇರುವುದು ಲಿಥಿಯಂ ಬ್ಯಾಟರಿ, ಅರ್ಧ ಪೆನ್‌ಸೆಲ್ ಗಾತ್ರದ್ದು. ಅದು ಒಡೆದರೆ ಬೋರ್ಡ್ ಜೊತೆಗೆ ಒಳಗಿನ ಲೋಹದ ಚೌಕಟ್ಟು ಕೂಡ ತುಕ್ಕು ಹಿಡಿದು ಪುಡಿಯಾಗುತ್ತದೆ. ಯಾವ ಯಂತ್ರವಾದರೂ ಸರಿ, ಕಪಾಟಿಗೆ ಸೇರಿಸುವ ಮೊದಲು ಬ್ಯಾಟರಿ ಹೊರಗೆ ಬರಲಿ. ಇದನ್ನು ಇವತ್ತೇ ಮಾಡಿ.

ಕೆಪಾಸಿಟರ್ ಎಲ್ಲವನ್ನೂ ಬದಲಿಸಬೇಕಾ?

ಇಲ್ಲ, ಅನ್ನುವುದು ನನ್ನ ಅಭಿಪ್ರಾಯ. ಈ ವಿಷಯದಲ್ಲಿ ಹವ್ಯಾಸಿಗಳ ನಡುವೆ ಜಗಳವೇ ಇದೆ. 1980ರ ದಶಕದ ಮೊದಲ ಭಾಗದ ಯಂತ್ರಗಳಲ್ಲಿ ಕಾಲು ಇರುವ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಎಷ್ಟೋ ಸಲ ಇನ್ನೂ ಗಟ್ಟಿಯಾಗಿಯೇ ಇರುತ್ತವೆ. ಚೆನ್ನಾಗಿರುವುದನ್ನು ಕೀಳಲು ಹೋಗಿ ತಾಮ್ರದ ಗೆರೆ ಕಿತ್ತುಬಂದರೆ ನಷ್ಟ ನಮ್ಮದೇ. ಆದರೆ 1990ರ ಆಸುಪಾಸಿನ, ಬೋರ್ಡ್ ಮೇಲೆ ನೇರವಾಗಿ ಅಂಟಿಕೊಂಡ ಪುಟ್ಟ ಡಬ್ಬಿಯಂಥವು ಬೇರೆ ಜಾತಿ. ಅಮಿಗಾ 600, 1200, 4000 ಮತ್ತು ಮ್ಯಾಕಿಂಟಾಷ್ ಎಸ್‌ಇ/30ರಲ್ಲಿ ಅವು ಸೋರಿಯೇ ಸೋರುತ್ತವೆ. ಸೋರಿದ್ದನ್ನು ಬಿಸಿ ಮಾಡಿದಾಗ ಮೀನಿನ ವಾಸನೆ ಬರುತ್ತದೆ, ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಅಂಥವನ್ನು ಕಾಯದೆ ಬದಲಿಸಿ.

2000ದ ಆಸುಪಾಸಿನ ಮದರ್‌ಬೋರ್ಡ್‌ಗಳಲ್ಲಿ ತಲೆ ಉಬ್ಬಿದ ಕೆಪಾಸಿಟರ್ ಕಂಡರೂ ಹಾಗೇ. ಇನ್ನು ಐಬಿಎಂ ಪಿಸಿ ಕಾಲದ ಬೋರ್ಡ್‌ಗಳಲ್ಲಿ ಹನಿಯಾಕಾರದ ಟ್ಯಾಂಟಲಮ್ ಕೆಪಾಸಿಟರ್‌ಗಳು ಒಳಗೇ ಶಾರ್ಟ್ ಆಗುತ್ತವೆ. ಫ್ಯಾನ್ ಒಂದು ಕ್ಷಣ ತಿರುಗಿ ನಿಂತುಬಿಟ್ಟರೆ ಮೊದಲ ಅನುಮಾನ ಅವುಗಳ ಮೇಲೆ ಇರಲಿ.

ಕವಚ ಹಳದಿಯಾಗಿದೆ. ಬಿಳಿ ಮಾಡಬಹುದಾ?

ಮಾಡಬಹುದು. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿನಲ್ಲೋ ಯುವಿ ದೀಪದ ಕೆಳಗೋ ಇಡುವ ವಿಧಾನ 2008ರಲ್ಲಿ ಹವ್ಯಾಸಿಗಳ ನಡುವೆ ಶುರುವಾಯಿತು. ಅದಕ್ಕೆ ರೆಟ್ರೊಬ್ರೈಟ್ ಅಂತ ಹೆಸರು. ಸಮನಾಗಿ ಹಚ್ಚದಿದ್ದರೆ ಪಟ್ಟೆ ಪಟ್ಟೆಯಾಗುತ್ತದೆ. ಹಳದಿ ಬಣ್ಣ ಮತ್ತೆ ಬರಲೂಬಹುದು. ಪೆರಾಕ್ಸೈಡ್ ಚರ್ಮ ಸುಡುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ನಾನು ನನ್ನವನ್ನು ಹಳದಿಯಾಗಿಯೇ ಬಿಟ್ಟಿದ್ದೇನೆ. ಅದು ಆ ಯಂತ್ರ ಕಳೆದ ವರ್ಷಗಳ ಬಣ್ಣ.

ಆಟವೊಂದು ಲೋಡ್ ಆಗಲು ಐದು ನಿಮಿಷ ಬೇಕಿತ್ತಂತೆ. ನಿಜವಾ?

ನಿಜ, ಲೆಕ್ಕ ಹಾಕಿ ನೋಡಬಹುದು. 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕ್ಯಾಸೆಟ್‌ನಿಂದ ಸೆಕೆಂಡಿಗೆ ಸುಮಾರು 1500 ಬಿಟ್ ಓದುತ್ತಿತ್ತು. 48 ಕೆಬಿ ಅಂದರೆ ಹತ್ತಿರ ಹತ್ತಿರ ನಾಲ್ಕು ಲಕ್ಷ ಬಿಟ್. ನಾಲ್ಕೂವರೆ ನಿಮಿಷ ಆಯಿತಲ್ವಾ? ಅಷ್ಟು ಹೊತ್ತೂ ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟೆ, ಆಮೇಲೆ ನೀಲಿ ಮತ್ತು ಹಳದಿ ಪಟ್ಟೆ ಓಡುತ್ತಿದ್ದವು. ಜೊತೆಗೆ ಆ ಕೀರಲು ಸದ್ದು. ಅಭ್ಯಾಸ ಆದವರಿಗೆ ಸದ್ದು ಕೇಳಿಯೇ ಲೋಡ್ ಆಗುತ್ತದೋ ಕೈಕೊಡುತ್ತದೋ ಗೊತ್ತಾಗುತ್ತಿತ್ತು.

ಕ್ಯಾಸೆಟ್ ಕೂಡ ಇಲ್ಲದಿದ್ದಾಗ ಪುಸ್ತಕದಲ್ಲಿ ಅಚ್ಚಾದ ಪ್ರೋಗ್ರಾಂ ನೋಡಿ ಟೈಪ್ ಮಾಡಬೇಕಿತ್ತು. ನಮ್ಮಲ್ಲಿ ಅಣ್ಣ ಓದುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ. ಪುಟಗಟ್ಟಲೆ ಬರೀ ಅಂಕಿಗಳು. "ನೂರ ಅರವತ್ತೊಂಬತ್ತು, ಕಾಮಾ, ಸೊನ್ನೆ, ಕಾಮಾ..." ಒಂದು ಅಂಕಿ ತಪ್ಪಿದರೂ ಪೂರ್ತಿ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಆಗ ಪಾತ್ರ ಬದಲು. ನಾನು ಪರದೆ ನೋಡಿ ಓದುವುದು, ಅವನು ಪುಸ್ತಕದಲ್ಲಿ ಬೆರಳಿಟ್ಟು ಹುಡುಕುವುದು. ಪ್ರೋಗ್ರಾಮಿಂಗ್ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಹೀಗೆ ತಪ್ಪು ಹುಡುಕುತ್ತಾ.

ಎಮ್ಯುಲೇಟರ್ ಇರುವಾಗ ಹಳೆಯ ಯಂತ್ರ ಯಾಕೆ ಬೇಕು?

ಹೊಸ ಕಂಪ್ಯೂಟರ್‌ನಲ್ಲಿ ಹಳೆಯ ಯಂತ್ರದ ಹಾಗೇ ನಡೆದುಕೊಳ್ಳುವ ಪ್ರೋಗ್ರಾಂ ಎಮ್ಯುಲೇಟರ್. ಅದರ ಬಗ್ಗೆ ನನಗೆ ಗೌರವ ಇದೆ. ಕಮೋಡೋರ್‌ಗೆ ವೈಸ್, ಹಳೆಯ ಡಾಸ್ ಆಟಗಳಿಗೆ ಡಾಸ್‌ಬಾಕ್ಸ್, ಬೇಕಾದ ಸರ್ಕ್ಯೂಟ್‌ನಂತೆ ಬದಲಾಗುವ ಎಫ್‌ಪಿಜಿಎ ಚಿಪ್ ಬಳಸುವ ಮಿಸ್ಟರ್, ಇವೆಲ್ಲ ಅದ್ಭುತ ಕೆಲಸ. ಯಂತ್ರ ಇಲ್ಲದವರು ಇಲ್ಲಿಂದಲೇ ಶುರು ಮಾಡಲಿ. ನಾನೂ ಅಪರೂಪದ ಡಿಸ್ಕ್ ಹಾಕುವ ಮೊದಲು ಅದರ ನಕಲನ್ನು ಎಮ್ಯುಲೇಟರ್‌ನಲ್ಲಿ ನೋಡುತ್ತೇನೆ.

ಆದರೂ ವ್ಯತ್ಯಾಸ ಇದೆ. ಕಮೋಡೋರ್ 64ರ ಧ್ವನಿ ಹೊರಡಿಸುವ ಸಿಡ್ ಚಿಪ್ ತೆಗೆದುಕೊಳ್ಳಿ. ಬಾಬ್ ಯಾನೆಸ್ ವಿನ್ಯಾಸ ಮಾಡಿದ್ದು. ಅದರ 6581 ಆವೃತ್ತಿಯ ಒಳಗಿನ ಫಿಲ್ಟರ್ ಅನಲಾಗ್, ಒಂದು ಚಿಪ್‌ನದು ಇನ್ನೊಂದರ ಹಾಗಿರುವುದಿಲ್ಲ. ಒಂದೇ ಹಾಡು ನಿಮ್ಮ ಯಂತ್ರದಲ್ಲಿ ಗಡಸಾಗಿ, ನನ್ನದರಲ್ಲಿ ಮೃದುವಾಗಿ ಕೇಳಬಹುದು. ಚಿಕ್ಕಂದಿನಲ್ಲಿ ಕೇಳಿದ ಆ ದನಿ ಆ ಒಂದೇ ಚಿಪ್‌ನದು. ಕೀಲಿ ಒತ್ತಿದ ತಕ್ಷಣ ಪರದೆಯಲ್ಲಿ ಅಕ್ಷರ ಬರುವ ಆ ಚುರುಕು, ಡ್ರೈವ್‌ನ ಗೊರಗೊರ, ಬಿಸಿಯಾದ ಧೂಳಿನ ವಾಸನೆ... ನೆನಪು ಕಿವಿ, ಮೂಗು, ಬೆರಳುಗಳಲ್ಲೂ ಇರುತ್ತದೆ. ಆ ನೀಲಿ ಪರದೆಯ ಮೇಲೆ 38911 ಬೈಟ್ ಖಾಲಿ ಇದೆ ಅನ್ನುವ ಸಾಲು ಬಂದಾಗ ದೊಡ್ಡವರೂ ಮಾತು ನಿಲ್ಲಿಸಿ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಹಳೆಯ ಮಾನಿಟರ್ ಇಲ್ಲ. ಹೊಸ ಪರದೆಗೆ ಜೋಡಿಸಬಹುದಾ?

ನಿಮ್ಮ ಯಂತ್ರದ್ದು 1987ರಲ್ಲಿ ಬಂದ ವಿಜಿಎ ಚಿತ್ರ ವ್ಯವಸ್ಥೆ ಅಥವಾ ನಂತರದ್ದಾದರೆ ಹೆಚ್ಚಿನ ತೊಂದರೆ ಇಲ್ಲ. ಅಮಿಗಾ, ಅಟಾರಿ ಎಸ್‌ಟಿ ಥರದವು ಸೆಕೆಂಡಿಗೆ ಸುಮಾರು 15 ಸಾವಿರ ಸಾಲಿನಂತೆ, ಅಂದರೆ 15 ಕಿಲೋಹರ್ಟ್ಸ್‌ನಲ್ಲಿ, ಚಿತ್ರ ಕಳಿಸುತ್ತವೆ. ವಿಜಿಎಗೆ ಬೇಕಾದದ್ದು 31. ನಡುವೆ ಇದನ್ನು ಅದಕ್ಕೆ ಬದಲಿಸುವ ಒಂದು ಸ್ಕ್ಯಾನ್ ಕನ್ವರ್ಟರ್ ಇಟ್ಟರೆ ಆಯಿತು. ಗಾಜಿನ ಹಳೆಯ ಮಾನಿಟರ್ ಸಿಕ್ಕರೆ ಇಟ್ಟುಕೊಳ್ಳಿ, ಆದರೆ ಹಿಂಬದಿ ತೆಗೆಯಬೇಡಿ. ಬಣ್ಣದ ಪಿಕ್ಚರ್ ಟ್ಯೂಬ್‌ನಲ್ಲಿ 20 ಸಾವಿರ ವೋಲ್ಟ್‌ಗೂ ಜಾಸ್ತಿ ಇರುತ್ತದೆ. ಆಫ್ ಮಾಡಿದ ಮೇಲೂ ಅದು ಉಳಿದಿರಬಹುದು.

ಹಳೆಯ ಪಿಸಿಗಳ ಮುಂಭಾಗದಲ್ಲಿ ಟರ್ಬೊ ಬಟನ್ ಯಾಕಿತ್ತು?

ಹೆಸರು ಕೇಳಿದರೆ ವೇಗ ಹೆಚ್ಚಿಸಲು ಅನ್ನಿಸುತ್ತದೆ. ಅದು ನಿಜಕ್ಕೂ ಬೇಕಾಗಿದ್ದದ್ದು ವೇಗ ಇಳಿಸಲು. 1981ರ ಐಬಿಎಂ ಪಿಸಿಯ 8088 ಪ್ರೊಸೆಸರ್ ಓಡುತ್ತಿದ್ದದ್ದು 4.77 ಮೆಗಾಹರ್ಟ್ಸ್‌ನಲ್ಲಿ. ಆಗಿನ ಎಷ್ಟೋ ಆಟಗಳು ಆ ವೇಗವನ್ನೇ ಗಡಿಯಾರ ಅಂದುಕೊಂಡು ಬರೆದವು. ಅವನ್ನು 386ರಲ್ಲಿ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಟ ಮುಗಿಯುತ್ತಿತ್ತು. ಟರ್ಬೊ ಆಫ್ ಮಾಡಿದರೆ ಯಂತ್ರ ನಿಧಾನವಾಗಿ, ಆಟ ಆಡುವ ಹಾಗಾಗುತ್ತಿತ್ತು.

ಆ ಟಕಟಕ ಕೀಬೋರ್ಡ್‌ಗೆ ಯಾಕೆ ಅಷ್ಟು ಬೇಡಿಕೆ?

ಐಬಿಎಂ ಮಾಡೆಲ್ ಎಂ ಬಗ್ಗೆ ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. 1985ರಿಂದ ಬಂದದ್ದು. ಪ್ರತಿ ಕೀಲಿಯ ಕೆಳಗೆ ಒಂದು ಸ್ಪ್ರಿಂಗ್ ಇದೆ. ಒತ್ತಿದಾಗ ಅದು ಪಕ್ಕಕ್ಕೆ ಬಾಗುತ್ತದೆ, ಟಕ್ ಅನ್ನುತ್ತದೆ, ಅಕ್ಷರ ಬೀಳುವುದೂ ಅದೇ ಕ್ಷಣದಲ್ಲಿ. ಹಾಗಾಗಿ ಬೆರಳಿಗೆ ಸುಳ್ಳು ಸುದ್ದಿ ಹೋಗುವುದಿಲ್ಲ. ಹಿಂಬದಿಯ ಲೇಬಲ್‌ನಲ್ಲಿ ತಯಾರಾದ ದಿನಾಂಕ ಇರುತ್ತದೆ, ತನ್ನ ಹುಟ್ಟಿದ ವರ್ಷದ್ದನ್ನೇ ಹುಡುಕುವವರಿದ್ದಾರೆ. ಯುಎಸ್‌ಬಿಗೆ ಜೋಡಿಸಲು ಬರೀ ಪ್ಲಗ್ ಬದಲಿಸುವ ತುಂಡು ಸಾಲದು, ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು.

ಹಳೆಯ ಹಾರ್ಡ್ ಡಿಸ್ಕ್ ಕಥೆ ಏನು?

ಓಡುತ್ತಿದ್ದರೆ ಮೊದಲ ದಿನವೇ ಅದರಲ್ಲಿರುವುದನ್ನು ನಕಲು ಮಾಡಿಕೊಳ್ಳಿ. 20 ಎಂಬಿಯ ಸೀಗೇಟ್ ಎಸ್‌ಟಿ-225 ಥರದವನ್ನು ಸಾಗಿಸುವ ಮೊದಲು, ಓದಿ ಬರೆಯುವ ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಸರಿಸುವ, ಅಂದರೆ ಪಾರ್ಕ್ ಮಾಡುವ, ಪ್ರೋಗ್ರಾಂ ನಡೆಸಬೇಕು. ಓಡದಿದ್ದರೆ ಮೆಮೊರಿ ಕಾರ್ಡ್ ಹಾಕಿ ಹಾರ್ಡ್ ಡಿಸ್ಕ್‌ನಂತೆ ನಡೆಸುವ ಬೋರ್ಡ್‌ಗಳು ಬಂದಿವೆ. ಹಳೆಯ ಪಿಸಿಗೆ ಎಕ್ಸ್‌ಟಿ-ಐಡಿಇ, ಮ್ಯಾಕಿಂಟಾಷ್‌ಗೆ ಬ್ಲೂಸ್ಕಝಿ.

ಫ್ಲಾಪಿಗಳು ಇನ್ನೂ ಓದುತ್ತವೆಯಾ?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಓದುತ್ತವೆ. ಒಣಗಿದ ಜಾಗದಲ್ಲಿದ್ದರೆ 1980ರ ದಶಕದ 5.25 ಇಂಚಿನವು ಇವತ್ತೂ ಚೆನ್ನಾಗಿರುತ್ತವೆ. ತೇವ ಇದ್ದ ಕಡೆ ಬೂಸ್ಟು ಹಿಡಿಯುತ್ತದೆ. ಡಿಸ್ಕ್ ಹಾಕುವ ಮೊದಲು ಕಿಂಡಿಯಲ್ಲಿ ಕಾಣುವ ಭಾಗವನ್ನು ನಿಧಾನವಾಗಿ ತಿರುಗಿಸುತ್ತಾ ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆ, ಮಸುಕು ಕಂಡರೆ ಹಾಕಬೇಡಿ. ಬೂಸ್ಟು ಹೆಡ್‌ಗೆ ಮೆತ್ತಿಕೊಂಡು ಆ ಡಿಸ್ಕನ್ನೂ, ಆಮೇಲೆ ಹಾಕುವ ಒಳ್ಳೆಯ ಡಿಸ್ಕನ್ನೂ ಗೀರುತ್ತದೆ. ಪ್ರತಿ ಕೆಲವು ಡಿಸ್ಕ್‌ಗೊಮ್ಮೆ ಆಲ್ಕೋಹಾಲ್‌ನಲ್ಲಿ ಹೆಡ್ ಒರೆಸಿ. ಓದುವ ಮೊದಲು, ತಪ್ಪಿಯೂ ಅದರ ಮೇಲೆ ಬರೆಯದ ಹಾಗೆ, ರೈಟ್ ಪ್ರೊಟೆಕ್ಟ್ ಮಾಡಿ.

ಯುಎಸ್‌ಬಿ ಫ್ಲಾಪಿ ಡ್ರೈವ್ ತಂದು ನಿರಾಶರಾದವರು ತುಂಬಾ ಜನ. ಅದು ಪಿಸಿಯ 3.5 ಇಂಚಿನ ಡಿಸ್ಕ್ ಮಾತ್ರ ಓದುತ್ತದೆ. ಅಮಿಗಾದ 880 ಕೆಬಿ ಡಿಸ್ಕ್ ಗಾತ್ರದಲ್ಲಿ ಹಾಗೇ ಕಂಡರೂ ಬರೆದಿರುವ ರೀತಿ ಬೇರೆ. ಇದಕ್ಕೆ ಗ್ರೀಸ್‌ವೀಸಲ್, ಕ್ರಯೋಫ್ಲಕ್ಸ್ ಎಂಬ ಪುಟ್ಟ ಬೋರ್ಡ್‌ಗಳಿವೆ. ಅವು ಡಿಸ್ಕ್ ಮೇಲಿನ ಕಾಂತೀಯ ಬದಲಾವಣೆಗಳನ್ನು ಇದ್ದ ಹಾಗೇ ದಾಖಲಿಸುತ್ತವೆ, ಯಾವ ಯಂತ್ರದ್ದು ಅನ್ನುವುದನ್ನು ಆಮೇಲೆ ಸಾಫ್ಟ್‌ವೇರ್ ಬಿಡಿಸುತ್ತದೆ.

ಪಿಸಿ ಡಿಸ್ಕ್ ಬಗ್ಗೆ ಒಂದು ಎಚ್ಚರಿಕೆ. 5.25 ಇಂಚಿನ 1.2 ಎಂಬಿ ಡ್ರೈವ್‌ನ ಹೆಡ್ ಸಪೂರ. ಹಳೆಯ ಡ್ರೈವ್‌ನಲ್ಲಿ ಬರೆದ 360 ಕೆಬಿ ಡಿಸ್ಕ್ ಮೇಲೆ ಅದರಲ್ಲಿ ಬರೆದರೆ ಅಗಲವಾದ ಹಳೆಯ ಗೆರೆಯ ಮಧ್ಯೆ ಸಣ್ಣ ಗೆರೆ ಬೀಳುತ್ತದೆ. ಆಮೇಲೆ 360 ಕೆಬಿ ಡ್ರೈವ್‌ಗೆ ಹಳೆಯದೂ ಹೊಸದೂ ಕಲಸಿ ಕಾಣುತ್ತದೆ. 1.2 ಎಂಬಿ ಡ್ರೈವ್‌ನಲ್ಲಿ ಓದಿ ಸಾಕು, ಬರೆಯಬೇಡಿ.

ಮೊದಲ ಸಲ ಸಂಗ್ರಹ ಶುರು ಮಾಡುತ್ತಿದ್ದೇನೆ. ಯಾವುದು ತರಲಿ?

ನಿಮ್ಮ ನೆನಪಿನಲ್ಲಿ ಇರುವುದನ್ನೇ ತನ್ನಿ. ಬೇರೆಯವರು ಹೊಗಳಿದ ಯಂತ್ರ ಒಂದು ತಿಂಗಳಲ್ಲಿ ಬೇಸರ ತರಿಸುತ್ತದೆ. ನೆನಪೇ ಇಲ್ಲದ ಚಿಕ್ಕವರಾದರೆ ಕಮೋಡೋರ್ 64 ಅಥವಾ ಸ್ಪೆಕ್ಟ್ರಮ್ ಒಳ್ಳೆಯದು. ಪುಸ್ತಕ, ಬಿಡಿಭಾಗ, ಸಹಾಯ ಮಾಡುವ ಜನ ಎಲ್ಲ ಸಿಗುತ್ತಾರೆ. ಒಂದು ಓಡುವ ಹಾಗಾದ ಮೇಲೆ ಎರಡನೆಯದು ತನ್ನಿ.

ಪೂರ್ತಿ ಸತ್ತ ಯಂತ್ರವನ್ನು ಎಸೆಯಬಹುದಾ?

ಬೇಡ. ಅದರ ಒಂದು ಕೀಲಿ, ಒಂದು ಸಿಡ್ ಚಿಪ್, ಮುರಿಯದ ಒಂದು ಕವಚ ಇನ್ಯಾರದ್ದೋ ಯಂತ್ರವನ್ನು ಎಬ್ಬಿಸುತ್ತದೆ. ಈ ಚಿಪ್‌ಗಳನ್ನು ಈಗ ಯಾರೂ ತಯಾರಿಸುತ್ತಿಲ್ಲ. ಬೇಡ ಅನ್ನಿಸಿದರೆ ಬೇಕಾದವರಿಗೆ ಕೊಡಿ.

ಡಿಸ್ಕ್‌ಗಳ ಮೇಲೆ ಹಳೆಯ ಲೇಬಲ್‌ಗಳಿವೆ, ಗೀಚಿದ ಬರಹ. ಕಿತ್ತು ಹೊಸದು ಅಂಟಿಸಲಾ?

ಕೀಳಬೇಡಿ. ಬಿಟ್ಟುಬರುತ್ತಿದ್ದರೆ ಫೋಟೊ ತೆಗೆದು, ಡಿಸ್ಕ್ ಜೊತೆ ಕವರ್‌ನಲ್ಲಿ ಇಡಿ. ಯಂತ್ರ ಯಾರದ್ದು, ಯಾವ ವರ್ಷ ಬಂತು, ಅದರಲ್ಲಿ ಯಾರು ಏನು ಮಾಡುತ್ತಿದ್ದರು ಅನ್ನುವುದನ್ನೂ ಒಂದು ಹಾಳೆಯಲ್ಲಿ ಬರೆದು ಒಳಗೆ ಇಡಿ. ಮೊದಲ ಮ್ಯಾಕಿಂಟಾಷ್ ಮಾಡಿದವರು ಕವಚದ ಒಳಮೈಯಲ್ಲಿ ತಮ್ಮ ಸಹಿಗಳನ್ನು ಅಚ್ಚು ಹಾಕಿಸಿದ್ದರು. ಬಿಚ್ಚಿದವರಿಗೆ ಮಾತ್ರ ಕಾಣುತ್ತದೆ. ಬಳಸಿದವರ ಗುರುತು ಇರುವುದು ಈ ಲೇಬಲ್‌ಗಳಲ್ಲಿ.

ಈ ಉತ್ತರ ನನಗೆ ಒಂದು ಡಿಸ್ಕ್‌ನಿಂದ ಬಂದದ್ದು. ಅಣ್ಣನ ಕೈಬರಹದಲ್ಲಿ "ಆಟ 3, ಇನ್ನೂ ಮುಗಿದಿಲ್ಲ" ಅಂತ ಅದರ ಮೇಲೆ ಬರೆದಿತ್ತು. ಮೂವತ್ತು ವರ್ಷದ ಮೇಲೆ ಓದಿಸಿದಾಗ ಎರಡು ಸೆಕ್ಟರ್ ಬಿಟ್ಟು ಉಳಿದದ್ದೆಲ್ಲ ಬಂತು. ನಾವು ಟೈಪ್ ಮಾಡುತ್ತಾ ಅರ್ಧಕ್ಕೆ ನಿಲ್ಲಿಸಿದ್ದ ಪ್ರೋಗ್ರಾಂ ಅದು. ಕೊನೆಯ ಸಾಲು 2340. ಅಣ್ಣನಿಗೆ ಫೋನ್ ಮಾಡಿದೆ. ಪುಸ್ತಕ ಅವನ ಹತ್ತಿರ ಇನ್ನೂ ಇತ್ತು. ಆ ಭಾನುವಾರ ಅವನು ಫೋನಿನಲ್ಲಿ 2350ನೇ ಸಾಲಿನಿಂದ ಓದಿದ, ನಾನು ಟೈಪ್ ಮಾಡಿದೆ.